ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ

ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ಈ ಮೈಕಟ್ಟಿನವರು ಸಿಗುತ್ತಾರೆ. ತೆಳ್ಳನೆ ಕೈ, ಸಣ್ಣ ಕಾಲು, ಮುಖವೂ ಅಷ್ಟೇನೂ ತುಂಬಿರುವುದಿಲ್ಲ. ಪಕ್ಕದಿಂದ ನೋಡಿದರೆ ಮಾತ್ರ ಹೊಟ್ಟೆಯ ಹತ್ತಿರ ಶರ್ಟಿನ ಗುಂಡಿಗಳು ಬಿಗಿದಿರುತ್ತವೆ, ಬೆಲ್ಟು ಹೊಕ್ಕುಳಿನಿಂದ ಕೆಳಗೆ ಜಾರಿರುತ್ತದೆ. ಇವರನ್ನು ಯಾರೂ ದಪ್ಪ ಅನ್ನುವುದಿಲ್ಲ. ತೂಕ ಕೇಳಿದರೆ ಅರವತ್ತೈದು, ಎಪ್ಪತ್ತು ಕೆಜಿ ಅಂತಾರೆ. ವಯಸ್ಸು ನಲವತ್ತರ ಆಸುಪಾಸು. ಡಾಕ್ಟರ ಹತ್ತಿರ ಹೋಗಬೇಕು ಅನ್ನುವ ಯೋಚನೆ ಅವರಿಗೂ ಇರುವುದಿಲ್ಲ, ಮನೆಯವರಿಗೂ ಇರುವುದಿಲ್ಲ. ಎದ್ದು ಕಾಣುವಷ್ಟು ದಪ್ಪಗಿರುವವರಿಗಿಂತ ಇವರ ಬಗ್ಗೆಯೇ ನನಗೆ ಆತಂಕ ಜಾಸ್ತಿ.

ನಮ್ಮ ಭಾವ ಇದೇ ಮೈಕಟ್ಟಿನವರು. ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ಖಾಲಿ ಹೊಟ್ಟೆಯ ಶುಗರ್ 112 ಬಂತು, ಇರಬೇಕಾದ್ದಕ್ಕಿಂತ ಹೆಚ್ಚು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಅಂತ ಬರೆದಿತ್ತು. ಅಕ್ಕನಿಗೆ ನಂಬಿಕೆಯೇ ಬರಲಿಲ್ಲ. "ಇವರು ಇಷ್ಟು ಸಣ್ಣಗಿದ್ದಾರೆ, ಕುಡಿಯೋದೂ ಇಲ್ಲ, ಲಿವರ್‌ಗೆ ಏನಾಗುತ್ತೆ?" ಅಂತ ಮತ್ತೆ ಮತ್ತೆ ಕೇಳಿದಳು. ರಿಪೋರ್ಟಿನಲ್ಲಿ ಎತ್ತರ, ತೂಕ, ಎತ್ತರಕ್ಕೆ ತಕ್ಕ ತೂಕವೇ ಅಂತ ಹೇಳುವ ಬಿಎಂಐ ಎಲ್ಲ ಇದ್ದವು. ಸೊಂಟದ ಸುತ್ತಳತೆ ಇರಲಿಲ್ಲ. ಅಕ್ಕ ಬ್ಲೌಸ್ ಹೊಲಿಯುವ ಟೇಪ್ ತಂದು ಅಳೆದಳು. 96 ಸೆಂಟಿಮೀಟರ್. ಭಾವ ಕಾಲೇಜು ಬಿಟ್ಟಾಗಿನಿಂದ 34ರ ಪ್ಯಾಂಟೇ ಹಾಕುತ್ತಿದ್ದರು. ಹೊಟ್ಟೆ ಬೆಳೆದ ಹಾಗೆಲ್ಲ ಪ್ಯಾಂಟ್ ಕೆಳಗಿಳಿಯುತ್ತಾ ಬಂದಿತ್ತು, ನಂಬರ್ ಮಾತ್ರ ಹಾಗೇ ಉಳಿದಿತ್ತು.

ಅಲ್ಲಿಂದ ಮುಂದೆ ನಾನು ಈ ವಿಷಯವನ್ನು ಹುಡುಕಿ ಹುಡುಕಿ ಓದಲು ಶುರು ಮಾಡಿದೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಯಿತು. ಇಲ್ಲಿ ಕೊಬ್ಬು ಎಷ್ಟಿದೆ ಅನ್ನುವುದರಷ್ಟೇ ಎಲ್ಲಿದೆ ಅನ್ನುವುದೂ ಮುಖ್ಯ.

ಇದನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಫ್ರಾನ್ಸಿನ ಮಾರ್ಸೇಯ್ ಊರಿನ ವೈದ್ಯ ಝಾನ್ ವಾಗ್. 1947ರಲ್ಲಿ. ಸೊಂಟದ ಕೆಳಗೆ, ತೊಡೆಯಲ್ಲಿ ಮೈ ತುಂಬಿಕೊಂಡವರಿಗಿಂತ ಹೊಟ್ಟೆಯ ಸುತ್ತ ತುಂಬಿಕೊಂಡವರಲ್ಲಿ ಸಕ್ಕರೆ ಕಾಯಿಲೆ ಮತ್ತು ರಕ್ತನಾಳದ ತೊಂದರೆ ಹೆಚ್ಚು ಎಂದು ಅವರು ಗಮನಿಸಿದ್ದರು. ಆಗ ಅದಕ್ಕೆ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ. ಸಿಟಿ ಸ್ಕ್ಯಾನ್ ಬಂದು ಹೊಟ್ಟೆಯ ಒಳಗನ್ನು ನೋಡಲು ಸಾಧ್ಯವಾದ ಮೇಲೆ ಕಾರಣ ತಿಳಿಯುತ್ತಾ ಬಂತು.

ಹೊಟ್ಟೆಯಲ್ಲಿ ಎರಡು ಥರದ ಕೊಬ್ಬು ಇರುತ್ತದೆ. ಬೆರಳಲ್ಲಿ ಹಿಡಿದರೆ ಸಿಗುವುದು ಚರ್ಮದ ಕೆಳಗಿನ ಕೊಬ್ಬು. ನೋಡಲು ಚೆನ್ನಾಗಿ ಕಾಣದಿರಬಹುದು, ಆದರೆ ಅದು ಅಷ್ಟು ಅಪಾಯದ್ದಲ್ಲ. ಇನ್ನೊಂದು ಹೊಟ್ಟೆಯ ಸ್ನಾಯುಗಳ ಪದರದ ಹಿಂದೆ, ಕರುಳು ಲಿವರ್‌ಗಳ ಸುತ್ತ ಸೇರಿಕೊಳ್ಳುವ ಒಳಕೊಬ್ಬು. ಇದು ಸುಮ್ನೆ ಬಿದ್ದಿರುವುದಿಲ್ಲ. ಕೊಬ್ಬಿನ ಆಮ್ಲಗಳನ್ನು, ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ಬಿಡುತ್ತಲೇ ಇರುತ್ತದೆ. ಕರುಳಿನ ಸುತ್ತಲಿನ ಈ ಕೊಬ್ಬಿನ ರಕ್ತ ಪೋರ್ಟಲ್ ಎಂಬ ರಕ್ತನಾಳದ ಮೂಲಕ ನೇರ ಲಿವರ್‌ಗೆ ಹೋಗುತ್ತದೆ. ಹಾಗಾಗಿ ಮೊದಲ ಪೆಟ್ಟು ಲಿವರ್‌ಗೆ. ಲಿವರ್‌ನಲ್ಲಿ ಕೊಬ್ಬು ತುಂಬಿದಾಗ ಅದು ಇನ್ಸುಲಿನ್‌ನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ರಾತ್ರಿ ನಾವು ಏನೂ ತಿನ್ನದೆ ಮಲಗಿದ್ದರೂ ಅದು ಬೇಕಾದ್ದಕ್ಕಿಂತ ಹೆಚ್ಚು ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಭಾವನ ಶುಗರ್ ಏರಿದ್ದು ಹೀಗೆ. ಜೊತೆಗೆ ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ ಇಳಿಯುತ್ತದೆ, ಬಿಪಿ ನಿಧಾನಕ್ಕೆ ಮೇಲೇರುತ್ತದೆ. ಹೃದಯಾಘಾತ, ಪಾರ್ಶ್ವವಾಯು, ಕಿಡ್ನಿ ತೊಂದರೆ ಇದೇ ದಾರಿಯಲ್ಲಿ ಬರುತ್ತವೆ. ದೊಡ್ಡ ಕರುಳಿನ ಕ್ಯಾನ್ಸರ್‌ನಂಥ ಕೆಲವು ಕ್ಯಾನ್ಸರ್‌ಗಳ ಅಪಾಯವೂ ಹೆಚ್ಚುತ್ತದೆ.

ಆದರೆ ತೆಳ್ಳಗಿರುವ ನಮಗೇ ಯಾಕೆ ಹೀಗೆ? ಇದಕ್ಕೆ ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮ ಮೈಯನ್ನೇ ಉದಾಹರಣೆಯಾಗಿ ಕೊಟ್ಟರು. ಇಬ್ಬರ ಬಿಎಂಐ ಒಂದೇ, 22.3. ಅಳೆದು ನೋಡಿದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ. 21.2. ಇಬ್ಬರೂ ಅಕ್ಕಪಕ್ಕ ನಿಂತಿರುವ ಫೋಟೊ 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತೂಕ ಎತ್ತರದ ಲೆಕ್ಕದಲ್ಲಿ ಇಬ್ಬರೂ ಪಾಸ್. ಆದರೆ ನಮ್ಮವರಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಇದು ಹುಟ್ಟಿನಿಂದಲೇ ಶುರುವಾಗುತ್ತದೆ ಎಂಬುದನ್ನು ಯಾಜ್ಞಿಕ್ ಅವರ ತಂಡ ಪುಣೆಯ ಹಳ್ಳಿಗಳ ನವಜಾತ ಶಿಶುಗಳಲ್ಲಿ ತೋರಿಸಿದೆ. ತೂಕದಲ್ಲಿ ಇಂಗ್ಲೆಂಡಿನ ಮಕ್ಕಳಿಗಿಂತ ಚಿಕ್ಕವು, ಆದರೆ ಮೈಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ.

ಇನ್ನೊಂದು ವಿವರಣೆಯೂ ಇದೆ. ಚರ್ಮದ ಕೆಳಗೆ ಕೊಬ್ಬು ಕೂಡಿಡುವ ಜಾಗ ದಕ್ಷಿಣ ಏಷ್ಯಾದವರಲ್ಲಿ ಬೇಗ ತುಂಬಿಬಿಡುತ್ತದೆ ಅನ್ನುತ್ತಾರೆ. ಕಣಜ ತುಂಬಿದ ಮೇಲೂ ಭತ್ತ ಬರುತ್ತಲೇ ಇದ್ದರೆ ಮೂಟೆಗಳನ್ನು ನಡುಮನೆ, ಅಡುಗೆಮನೆಯಲ್ಲಿ ಒಟ್ಟಬೇಕಾಗುತ್ತದಲ್ವಾ, ಹಾಗೆ ಉಳಿದ ಕೊಬ್ಬು ಲಿವರ್, ಕರುಳು, ಸ್ನಾಯುಗಳಲ್ಲಿ ಹೋಗಿ ಕೂರುತ್ತದೆ.

ಹಾಗಾಗಿಯೇ ನಮಗೆ ಅಳತೆ ಬೇರೆ. ಅಮೆರಿಕದಲ್ಲಿ ಗಂಡಸರಿಗೆ 102, ಹೆಂಗಸರಿಗೆ 88 ಸೆಂಟಿಮೀಟರ್ ದಾಟಿದರೆ ಅಪಾಯ ಅಂತ ಲೆಕ್ಕ. ಭಾರತೀಯರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80. ಇಂಚಿನಲ್ಲಿ ಹೇಳುವುದಾದರೆ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. ಬಿಎಂಐ ಕೂಡ ನಮಗೆ 23 ದಾಟಿದರೇ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಎಷ್ಟೋ ಆ್ಯಪ್‌ಗಳು ಇನ್ನೂ 25ರ ತನಕ ಹಸಿರು ಬಣ್ಣವನ್ನೇ ತೋರಿಸುತ್ತವೆ. ಅದನ್ನು ನೋಡಿ ನೆಮ್ಮದಿಯಿಂದಿರುವವರು ನಮ್ಮ ಸುತ್ತ ಎಷ್ಟು ಜನ ಇರಬಹುದು!

2023ರಲ್ಲಿ ಬಂದ, ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಸಕ್ಕರೆ ಕಾಯಿಲೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಸಮೀಕ್ಷೆಯಲ್ಲಿ ಬಿಎಂಐ ಲೆಕ್ಕದ ಬೊಜ್ಜು ಶೇ. 28.6, ಹೊಟ್ಟೆಯ ಬೊಜ್ಜು ಶೇ. 39.5. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ನಮ್ಮ ಭಾವನಂಥವರು ಇದ್ದಾರೆ.

ಬೆಂಗಳೂರಿಗೆ ಇದು ಹೊಸ ಸುದ್ದಿಯೂ ಅಲ್ಲ. ಸೇಂಟ್ ಜಾನ್ಸ್ ಆಸ್ಪತ್ರೆಯ ಡಾ. ಪ್ರೇಮ್ ಪೈಸ್ ಮತ್ತು ಜೊತೆಗಾರರು ಇದೇ ಊರಿನಲ್ಲಿ ಮೊದಲ ಸಲ ಹೃದಯಾಘಾತವಾದ 200 ಜನರನ್ನು, ಆಗದ 200 ಜನರ ಜೊತೆ ಹೋಲಿಸಿ ನೋಡಿದ್ದರು. 1996ರಲ್ಲಿ ಅದು ಪ್ರಕಟವಾಯಿತು. ಸಿಗರೇಟು ಬೀಡಿ ಎಲ್ಲಕ್ಕಿಂತ ದೊಡ್ಡ ಕಾರಣವಾಗಿತ್ತು. ಅದರ ಜೊತೆ ರಕ್ತದ ಸಕ್ಕರೆ, ಬಿಪಿ, ಮತ್ತು ಸೊಂಟಕ್ಕೂ ಪೃಷ್ಠಕ್ಕೂ ಇರುವ ಅಳತೆಯ ಅನುಪಾತ. ಮುಂದೆ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲೂ ಹೊಟ್ಟೆಯ ಬೊಜ್ಜು ಮುಖ್ಯ ಕಾರಣಗಳಲ್ಲಿ ಒಂದು ಅಂತ ಗೊತ್ತಾಯಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ರ ವಯಸ್ಸಿಗೆ, ಬೇರೆಯವರಿಗೆ ಸುಮಾರು 59ಕ್ಕೆ. ಆ ಆರು ವರ್ಷದಲ್ಲಿ ಒಂದು ಮನೆಯ ಸಾಲ ತೀರಬಹುದು, ಮಗಳ ಓದು ಮುಗಿಯಬಹುದು. ನನಗೆ ಈ ಆರು ವರ್ಷ ಬರೀ ಅಂಕಿಯಾಗಿ ಕಾಣುವುದಿಲ್ಲ.

ಇನ್ನು ಅಭ್ಯಾಸಗಳ ಮಾತು. ಹೊಟ್ಟೆ ಬಂದವರನ್ನು ಕಂಡರೆ "ಚೆನ್ನಾಗಿ ತಿಂತಾರೆ" ಅನ್ನುವುದು ನಮ್ಮಲ್ಲಿ ರೂಢಿ. ಇದು ಅನ್ಯಾಯದ ಮಾತು ಅಂತ ನನಗೆ ಅನ್ನಿಸುತ್ತದೆ. ಭಾವ ಹೊಟ್ಟೆಬಾಕ ಅಲ್ಲವೇ ಅಲ್ಲ. ಅವರ ದಿನವನ್ನು ನೋಡಿ. ವಿಜಯನಗರದಿಂದ ಮಾರತ್‌ಹಳ್ಳಿಯ ಕಡೆಗೆ ಕ್ಯಾಬ್. ಟ್ರಾಫಿಕ್‌ನಲ್ಲಿ ಕೂತೇ ಹೋಗುವುದು. ಆಫೀಸಿನಲ್ಲಿ ಕೂರುವುದು. ಊಟಕ್ಕೆ ಲಿಫ್ಟ್‌ನಲ್ಲಿ ಇಳಿದು ಕ್ಯಾಂಟೀನಿನಲ್ಲಿ ಕೂರುವುದು. ಮತ್ತೆ ಕ್ಯಾಬ್. ಮನೆಗೆ ಬಂದು ಸ್ನಾನ, ಹತ್ತು ಗಂಟೆಗೆ ಊಟ, ಆಮೇಲೆ ಅಮೆರಿಕದವರ ಜೊತೆ ಕಾಲ್. ಮಲಗುವುದು ಒಂದು ಗಂಟೆಗೆ. ಬೆಳಗ್ಗೆ ಮಗನ ಸ್ಕೂಲ್ ವ್ಯಾನ್ ಬರುವ ಮೊದಲೇ ಏಳಬೇಕು. ಈ ದಿನಚರಿಯಲ್ಲಿ ದುರಾಸೆ ಎಲ್ಲಿದೆ?

ಕೂತು ಕೆಲಸ ಮಾಡುವುದರ ಬಗ್ಗೆ ಮೊದಲ ದೊಡ್ಡ ಸುಳಿವು ಸಿಕ್ಕಿದ್ದು ಬಸ್ಸುಗಳಿಂದ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್‌ಗಳನ್ನು ಮತ್ತು ಕಂಡಕ್ಟರ್‌ಗಳನ್ನು ಜೆರ್ರಿ ಮಾರಿಸ್ ಎಂಬ ವೈದ್ಯರು ಹೋಲಿಸಿ ನೋಡಿದರು. ದಿನವಿಡೀ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು 1953ರಲ್ಲಿ ಬರೆದರು. ಮೂರು ವರ್ಷ ಕಳೆದು ಇನ್ನೊಂದು ಸ್ವಾರಸ್ಯದ ಕೆಲಸ ಮಾಡಿದರು. ಕಂಪನಿ ಕೊಡುವ ಯೂನಿಫಾರ್ಮಿನ ಪ್ಯಾಂಟಿನ ಅಳತೆಗಳನ್ನು ತೆಗೆದು ನೋಡಿದರು. ಡ್ರೈವರ್‌ಗಳ ಸೊಂಟದ ಅಳತೆ ದೊಡ್ಡದಿತ್ತು, ಚಿಕ್ಕ ವಯಸ್ಸಿನವರಲ್ಲೂ. ಹಾಗಾದರೆ ಕೆಲಸದಿಂದ ಹೊಟ್ಟೆ ಬಂತೋ, ಮೊದಲೇ ಹೊಟ್ಟೆ ಇದ್ದವರು ಡ್ರೈವರ್ ಆದರೋ ಅನ್ನುವ ಪ್ರಶ್ನೆ ಎದ್ದಿತು. ಅದಾದ ಮೇಲೆ ಬೇರೆ ಬೇರೆ ಕಡೆ ನಡೆದ ನೂರಾರು ಅಧ್ಯಯನಗಳು ಓಡಾಟದ ಪರವಾಗಿಯೇ ನಿಂತಿವೆ. ಬೆಂಗಳೂರಿನಲ್ಲೂ ಹಳೆಯ ಬಿಟಿಎಸ್ ಸಿಟಿ ಬಸ್ಸುಗಳ ಕಾಲದಲ್ಲಿ ಕೆಂಪು ಡಬಲ್ ಡೆಕ್ಕರ್ ಓಡುತ್ತಿದ್ದವು. ಆಗ ಮೆಟ್ಟಿಲು ಹತ್ತಿ ಇಳಿದ ಕಂಡಕ್ಟರ್‌ಗಳ ಸೊಂಟವನ್ನೂ ಯಾರಾದರೂ ಅಳೆದಿದ್ದರೆ ಚೆನ್ನಾಗಿತ್ತು.

ಊಟದ ವಿಷಯಕ್ಕೆ ಬಂದರೆ, ನಮ್ಮ ತಟ್ಟೆಯ ತೊಂದರೆ ಪ್ರಮಾಣಕ್ಕಿಂತ ಜೋಡಣೆಯಲ್ಲಿದೆ. ಬೆಳಗ್ಗೆ ಇಡ್ಲಿ, ದೋಸೆ ಅಥವಾ ಉಪ್ಪಿಟ್ಟು. ಮಧ್ಯಾಹ್ನ ಅನ್ನ ಸಾರು, ಅಂಚಿನಲ್ಲಿ ಒಂದು ಚಮಚ ಪಲ್ಯ. ಸಂಜೆ ಬೇಕರಿಯ ಖಾರಾ ಬನ್ ಅಥವಾ ದಿಲ್ ಪಸಂದ್, ಸಕ್ಕರೆ ಹಾಕಿದ ಟೀ. ರಾತ್ರಿ ಮತ್ತೆ ಅನ್ನ ಇಲ್ಲವೇ ಚಪಾತಿ. ಎಲ್ಲವೂ ಹಿಟ್ಟೇ, ಅಂದರೆ ಕಾರ್ಬೊಹೈಡ್ರೇಟೇ. ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ಶೇ. 62ರಷ್ಟು ಕಾರ್ಬೊಹೈಡ್ರೇಟಿನಿಂದ ಬರುತ್ತದೆ ಎಂದು ಇಂಡಿಯಾಬ್‌ನ ಆಹಾರ ಸಮೀಕ್ಷೆ 2025ರಲ್ಲಿ ಹೇಳಿತು. ಅದರ ಇನ್ನೊಂದು ಮಾತು ಬೆಂಗಳೂರಿನವರು ಕಿವಿಗೊಟ್ಟು ಕೇಳಬೇಕಾದದ್ದು. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದು, ಒಟ್ಟು ಹಿಟ್ಟಿನ ಪ್ರಮಾಣವನ್ನು ಹಾಗೇ ಇಟ್ಟುಕೊಂಡರೆ ಅಪಾಯ ಕಡಿಮೆಯಾಗುವುದು ಕಾಣಲಿಲ್ಲ. ಹಿಟ್ಟಿನ ಒಂದು ಭಾಗ ತೆಗೆದು ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನಿನಂಥ ಪ್ರೋಟೀನಿಗೆ ಜಾಗ ಕೊಟ್ಟಾಗ ಅಪಾಯ ಕಡಿಮೆ ಇತ್ತು.

ಇದನ್ನು ನಮ್ಮ ಅಮ್ಮನಿಗೆ ಹೇಳಿದಾಗ ಅವರಿಗೆ ಬೇಜಾರಾಯಿತು. "ಮುದ್ದೆ ತಿಂದವರಿಗೆ ಶುಗರ್ ಬರಲ್ಲ ಕಣೋ" ಅನ್ನುವುದು ಅವರ ನಂಬಿಕೆ. ಅವರು ನೋಡಿ ಬೆಳೆದದ್ದು ಹಾಗೇ. ಮಾಗಡಿ ಕಡೆಯ ನಮ್ಮ ಅಜ್ಜ ಎರಡು ದೊಡ್ಡ ಮುದ್ದೆ ಉಂಡು ಹೊಲಕ್ಕೆ ಹೋಗುತ್ತಿದ್ದರು. ಜೊತೆಗೆ ಹುರುಳಿ ಸಾರು, ಅವರೆಕಾಳು, ಕೈತುಂಬಾ ಸೊಪ್ಪು ಇರುತ್ತಿತ್ತು. ರಾಗಿ ಒಳ್ಳೆಯದೇ. ಅದರಲ್ಲಿ ನಾರು ಇದೆ, ಕ್ಯಾಲ್ಸಿಯಂ ಇದೆ. ಆದರೆ ಅಜ್ಜನ ಸೊಂಟ ಕಾಪಾಡಿದ್ದು ಮುದ್ದೆಯ ಜೊತೆಗಿದ್ದ ಕಾಳು ಸೊಪ್ಪು ಮತ್ತು ಮುದ್ದೆ ಉಂಡ ಮೇಲಿನ ಹೊಲದ ಕೆಲಸ. ಅವೆರಡನ್ನೂ ಬಿಟ್ಟು ಎರಡು ಮುದ್ದೆ ಮಾತ್ರ ಉಳಿಸಿಕೊಂಡರೆ ಹೇಗೆ? ಈಗ ಅಮ್ಮ ಒಂದು ಚಿಕ್ಕ ಮುದ್ದೆ ಕಟ್ಟುತ್ತಾರೆ, ಹುರುಳಿಕಾಳನ್ನು ಮೊದಲಿಗಿಂತ ಜಾಸ್ತಿ ಹಾಕುತ್ತಾರೆ. ಹೆಸರುಬೇಳೆ ಕೋಸಂಬರಿ, ಮೊಳಕೆಕಾಳಿನ ಉಸಲಿ ಹಬ್ಬಕ್ಕೆ ಮಾತ್ರ ಅಂತ ಇದ್ದದ್ದು ವಾರದ ಅಡುಗೆಗೂ ಬಂದಿವೆ. ನಮ್ಮ ಅಡುಗೆಮನೆಯಲ್ಲೇ ಇರುವ ಪದಾರ್ಥಗಳು ಇವು. ದುಬಾರಿ ಪ್ರೋಟೀನ್ ಪುಡಿ ಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ನಿದ್ದೆಯ ಬಗ್ಗೆ ಮಾತ್ರ ನಮ್ಮೂರು ತೀರಾ ಉದಾಸೀನ ಮಾಡುತ್ತಿದೆ. ಅಮೆರಿಕದ ಮೇಯೊ ಕ್ಲಿನಿಕ್‌ನವರು ಆರೋಗ್ಯವಂತರಾದ 12 ಜನರನ್ನು ಎರಡು ವಾರ ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಬೇಕಾದಷ್ಟು ತಿನ್ನಲು ಬಿಟ್ಟಿದ್ದರು. ತೂಕ ಹೆಚ್ಚಿದ್ದು ಸ್ವಲ್ಪವೇ. ಆದರೆ ಹೊಟ್ಟೆಯ ಒಳಕೊಬ್ಬು ಸುಮಾರು ಶೇ. 11ರಷ್ಟು ಹೆಚ್ಚಿತ್ತು. 2022ರಲ್ಲಿ ಬಂದ ಈ ಅಧ್ಯಯನ ಚಿಕ್ಕದು, ನಿಜ. ಆದರೂ ರಾತ್ರಿ ಪಾಳಿಯವರು, ತಡರಾತ್ರಿ ಕಾಲ್‌ನವರು ತುಂಬಿರುವ ಊರಿನಲ್ಲಿ ಇದನ್ನು ಪಕ್ಕಕ್ಕೆ ಇಡುವ ಹಾಗಿಲ್ಲ. ನಿದ್ದೆಗೆಟ್ಟಾಗ ಹಸಿವಿನ ಹಾರ್ಮೋನು ಹೆಚ್ಚುತ್ತದೆ, ಸಿಹಿ ಮತ್ತು ಕರಿದದ್ದರ ಮೇಲೆ ಮನಸ್ಸು ಓಡುತ್ತದೆ. ರಾತ್ರಿ ಒಂದು ಗಂಟೆಗೂ ಬಿರಿಯಾನಿ ಬಾಗಿಲಿಗೆ ಬರುವ ಊರು ಇದು. ಸಿಗರೇಟು ಸೇದಿದರೆ ಸಣ್ಣಗಿರಬಹುದು ಅನ್ನುವ ಮಾತೂ ಇದೆಯಲ್ಲ, ಅದೂ ತಪ್ಪು. ಸೇದುವವರ ತೂಕ ಕಡಿಮೆಯಿದ್ದರೂ ಕೊಬ್ಬು ಹೊಟ್ಟೆಯಲ್ಲೇ ಸೇರುವುದು ಹೆಚ್ಚು.

ಹೆಂಗಸರ ಕಥೆ ಬೇರೆ, ಅದರ ಬಗ್ಗೆ ಮಾತಾಡುವವರು ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಸಲ ಸೊಂಟ ಅಳೆದರು. ಹೆಂಗಸರಲ್ಲಿ ಸುಮಾರು ಶೇ. 40ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜು. ಬಾಣಂತನದ ಹೊಟ್ಟೆ ಎಂದು ಹತ್ತು ವರ್ಷ ಸುಮ್ಮನಿರುತ್ತಾರೆ. ಬಸುರಿಯಲ್ಲಿ ಶುಗರ್ ಬಂದಿತ್ತು, ಹೆರಿಗೆಯಾದ ಮೇಲೆ ಹೋಯಿತು ಅಂತ ಮರೆತೇ ಬಿಡುತ್ತಾರೆ. ಅಂಥವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಮುಟ್ಟು ನಿಂತ ಮೇಲೆ ಹಾರ್ಮೋನು ಬದಲಾಗಿ, ತೊಡೆಯಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಸೇರತೊಡಗುತ್ತದೆ. ಬೆಳಗ್ಗೆ ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುವ ಗಂಡಸರನ್ನು ನೋಡಿದಾಗೆಲ್ಲ ನನಗೆ ಅನ್ನಿಸುವುದಿದೆ, ಆ ಹೊತ್ತಿಗೆ ಇವರ ಮನೆಯಲ್ಲಿ ಡಬ್ಬಿ ಕಟ್ಟುತ್ತಿರುವವರು ಯಾವಾಗ ನಡೆಯುತ್ತಾರೆ? ಅಕ್ಕನಿಗೆ ಸಮಯ ಸಿಗಬೇಕಾದರೆ ಭಾವ ಅಡುಗೆಮನೆಗೆ ಹೋಗಬೇಕಾಯಿತು. ಅವರ ಮನೆಯಲ್ಲಿ ಆದ ದೊಡ್ಡ ಬದಲಾವಣೆ ನನ್ನ ಪ್ರಕಾರ ಅದೇ.

ಹೊಟ್ಟೆ ಮಾತ್ರ ಕರಗಿಸುವ ವ್ಯಾಯಾಮ ಇಲ್ಲ. ಜಾಹೀರಾತಿನ ಬೆಲ್ಟು, ಜೆಲ್, ಬೆಳಗಿನ ಜೀರಿಗೆ ನೀರು ಯಾವುದೂ ಆ ಕೆಲಸ ಮಾಡುವುದಿಲ್ಲ. ನೂರು ಕ್ರಂಚಸ್ ಹೊಡೆದರೆ ಸ್ನಾಯು ಗಟ್ಟಿಯಾಗುತ್ತದೆ, ಕೊಬ್ಬು ಅಲ್ಲಿಂದಲೇ ಕರಗುವುದಿಲ್ಲ. ಆದರೆ ಖುಷಿಯ ವಿಷಯ ಏನೆಂದರೆ, ನಾವು ನಡೆಯಲು, ಓಡಾಡಲು ಶುರು ಮಾಡಿದಾಗ ಒಳಕೊಬ್ಬು ಬೇಗ ಕರಗುತ್ತದೆ. ತೂಕ ಇಳಿಯದಿದ್ದರೂ ಅದು ಕಡಿಮೆಯಾಗಬಹುದು. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಆ ಊಟದ ಶುಗರ್ ಏರಿಕೆ ತಗ್ಗುತ್ತದೆ.

ಇದು ನಮ್ಮವರಿಗೂ ಕೆಲಸ ಮಾಡುತ್ತದೆ ಎಂದು ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ತೋರಿಸಿದೆ. ಶುಗರ್ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿಕೊಂಡರು. ನಡಿಗೆ ಮತ್ತು ಊಟದ ಬದಲಾವಣೆಯಿಂದ ಸಕ್ಕರೆ ಕಾಯಿಲೆಗೆ ಜಾರುವ ಅಪಾಯ ಶೇ. 28.5 ಕಡಿಮೆಯಾಯಿತು, ಅದೂ ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೇ. 2006ರ ಈ ಫಲಿತಾಂಶ ನನಗೆ ಬಹಳ ಧೈರ್ಯ ಕೊಟ್ಟಿತು. ತೂಕದ ಮೆಷಿನ್ ಮೇಲೆ ನಿಂತು ನಿರಾಸೆಯಾಗಿ ಎಲ್ಲ ಬಿಟ್ಟುಬಿಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಅಳೆಯುವುದು ಹೀಗೆ. ಬೆಳಗ್ಗೆ ತಿಂಡಿಗೆ ಮುಂಚೆ, ಬಟ್ಟೆ ಸರಿಸಿ ನಿಲ್ಲಿ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲ್ತುದಿ ಎರಡನ್ನೂ ಬೆರಳಿನಿಂದ ಗುರುತಿಸಿ. ಅವುಗಳ ನಡುಮಧ್ಯದಲ್ಲಿ ಟೇಪ್ ಸುತ್ತಿ. ನೆಲಕ್ಕೆ ಸಮನಾಗಿರಲಿ, ಚರ್ಮಕ್ಕೆ ಒತ್ತದಿರಲಿ. ಹೊಟ್ಟೆ ಒಳಕ್ಕೆ ಎಳೆಯಬೇಡಿ. ಸಹಜವಾಗಿ ಉಸಿರು ಬಿಟ್ಟು ನೋಡಿ. ಎತ್ತರದ ಅರ್ಧಕ್ಕಿಂತ ಸೊಂಟ ಹೆಚ್ಚಿರಬಾರದು ಅನ್ನುವುದು ಇನ್ನೊಂದು ಸುಲಭ ಲೆಕ್ಕ.

ಸಾವಿರಾರು ರೂಪಾಯಿಯ ಪ್ಯಾಕೇಜುಗಳಲ್ಲಿ ಇಲ್ಲದ ಈ ಅಳತೆ ಆಶಾ ಕಾರ್ಯಕರ್ತೆಯರ ಫಾರ್ಮಿನಲ್ಲಿ ಇದೆ. 30 ದಾಟಿದವರ ತಪಾಸಣೆಗೆ ಅವರು ತುಂಬುವ ಪಟ್ಟಿಯಲ್ಲಿ ಬೀಡಿ, ಸಿಗರೇಟು, ಮದ್ಯ, ನಡಿಗೆ, ಮನೆಯವರ ಕಾಯಿಲೆಗಳ ಜೊತೆ ಸೊಂಟದ ಅಳತೆಗೂ ಅಂಕ ಉಂಟು. ಮನೆಗೆ ಬಂದಾಗ "ನಮಗೇನೂ ಇಲ್ಲ" ಅಂತ ಕಳಿಸಿಬಿಡಬೇಡಿ, ಅವರಿಗೆ ಅಳೆಯಲು ಬಿಡಿ. ಕಂಪನಿಗಳ ಎಚ್‌ಆರ್‌ನವರು ಮುಂದಿನ ಚೆಕಪ್‌ಗೆ ಒಪ್ಪಂದ ಮಾಡುವಾಗ ಈ ಒಂದು ಸಾಲನ್ನು ಸೇರಿಸಲು ಕೇಳಬೇಕು. ಇದಕ್ಕೆ ಬೇಕಾಗುವುದು ಒಂದು ಟೇಪ್ ಮತ್ತು ಒಂದು ನಿಮಿಷ.

ಅಳತೆ ಗೆರೆ ದಾಟಿದ್ದರೆ ಬಿಪಿ, ಖಾಲಿ ಹೊಟ್ಟೆಯ ಶುಗರ್, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ನೋಡಿಸಿ. ವಾರ್ಡಿನ 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಚಿಕಿತ್ಸಾಲಯದಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. ಅಪ್ಪ ಅಥವಾ ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ನಲವತ್ತರ ತನಕ ಕಾಯಬೇಡಿ. ಗೊರಕೆ ಜೋರಾಗಿದ್ದು ಹಗಲೆಲ್ಲ ತೂಕಡಿಕೆ ಬರುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಹೊಟ್ಟೆಯ ಬೊಜ್ಜಿಗೂ ನಿದ್ದೆಯಲ್ಲಿ ಉಸಿರು ಕಟ್ಟುವುದಕ್ಕೂ ಸಂಬಂಧ ಇದೆ.